ಮಾಟುಂಗದ ರಾಮ ನಾಯಕರ ಬೋರ್ಡಿಂಗ್: ಮಾಸ್ಟ್ರ ನೆನಪಿನ ಊಟಕ್ಕೆ ತಕ್ಕ ಪಂಕ್ತಿ

ಮುಂಬಯಿಯಲ್ಲಿ ಕನ್ನಡದ ಅಧ್ಯಾಪಕರೊಬ್ಬರನ್ನು ನೆನೆಯಲು ಸಭಾಗೃಹಗಳಿಗೆ ಕೊರತೆಯಿಲ್ಲ. ಮಾಟುಂಗದಲ್ಲಿಯೇ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇದೆ. ಮಾಹಿಮ್ ಕಡೆಗೆ ಹೋದರೆ 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿದೆ. ಆದರೂ 2019ರಲ್ಲಿ ತೀರಿಕೊಂಡ ನಮ್ಮ ರಾತ್ರಿ ಶಾಲೆಯ ಮಾಸ್ಟ್ರ ನೆನಪಿಗೆಂದು ಅವರ ಹಳೆಯ ವಿದ್ಯಾರ್ಥಿಗಳಾದ ನಾವು ವರ್ಷಕ್ಕೊಮ್ಮೆ ಸೇರುವುದು ಒಂದು ಊಟದ ಮನೆಯಲ್ಲಿ. ಅದು ಮಾಟುಂಗ ಪೂರ್ವದ ರೈಲು ನಿಲ್ದಾಣದ ಬಳಿ, ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿರುವ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಅಲ್ಲಿಯ ಅಡುಗೆ ಹೇಗಿದೆ, ಬಡಿಸುವ ಕ್ರಮ ಹೇಗಿದೆ, ಎಷ್ಟು ಕಾಯಬೇಕಾಗುತ್ತದೆ, ಹಾಗೂ ಹಿರಿಯರೊಬ್ಬರನ್ನು ನೆನೆಯುವ ಕಾರ್ಯಕ್ಕೆ ಆ ಜಾಗ ಎಷ್ಟರ ಮಟ್ಟಿಗೆ ಒದಗಿಬರುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಭಾಷಣಕ್ಕೆ ವೇದಿಕೆಯಿಲ್ಲ, ಭಾವಚಿತ್ರ ಇಡಲು ಮೇಜಿಲ್ಲ. ಪರಿಚಯವೇ ಇಲ್ಲದವರ ಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂರಬೇಕಾಗುತ್ತದೆ. ನಮ್ಮ ಮಾಸ್ಟ್ರಂಥವರನ್ನು ನೆನೆಯಲು ಇದಕ್ಕಿಂತ ತಕ್ಕ ಏರ್ಪಾಡು ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅವರು ತೀರಿಕೊಂಡ ಮರುತಿಂಗಳು ನಾವೂ ಎಲ್ಲರಂತೆ ಒಂದು ಸಭಾಗೃಹ ಹಿಡಿದು ನುಡಿನಮನ ಏರ್ಪಡಿಸಿದ್ದೆವು. ಊಟದ ಹೊಣೆಯನ್ನು ಕೇಟರಿಂಗ್‌ನವರೊಬ್ಬರಿಗೆ ಒಪ್ಪಿಸಿದ್ದೆವು. ಅವರ ಹೆಸರು ಇಲ್ಲಿ ಬೇಡ. ಮಾತನಾಡಿದವರೆಲ್ಲರೂ ಮನಸ್ಸು ತುಂಬಿಯೇ ಮಾತನಾಡಿದರು. ಆದರೆ ಸಾಲು ಕುರ್ಚಿಗಳಲ್ಲಿ ಕುಳಿತವರು ವೇದಿಕೆಯ ಕಡೆ ಮುಖ ಮಾಡಿಕೊಂಡೇ ಇದ್ದರು. ನಲವತ್ತು ವರ್ಷಗಳಿಂದ ಕಾಣದಿದ್ದ ಸಹಪಾಠಿ ಹಿಂದಿನ ಸಾಲಿನಲ್ಲಿದ್ದರೂ ತಿರುಗಿ ಮಾತನಾಡಿಸುವ ಅವಕಾಶ ಆಗಲಿಲ್ಲ. ಊಟ ಬಫೆ. ಎಪ್ಪತ್ತು ದಾಟಿದವರು ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಊರುಗೋಲು ಹಿಡಿದು ಸರದಿಯಲ್ಲಿ ನಿಂತರು; ಕೊನೆಯವರು ಪಾತ್ರೆಯ ಬಳಿ ತಲುಪುವಾಗ ಸಾರು ಮುಗಿದು, ಬಿಸಿನೀರು ಬೆರೆಸಿದ ಬೇಳೆಯ ತಿಳಿ ಮಾತ್ರ ಉಳಿದಿತ್ತು. ಮಾಸ್ಟ್ರ ಹೆಂಡತಿಯನ್ನು ನಾವೆಲ್ಲ ಅಕ್ಕ ಎಂದೇ ಕರೆಯುವುದು. ಅವರು ಒಂದು ಮೂಲೆಯ ಕುರ್ಚಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದವರು ನನ್ನನ್ನು ಹತ್ತಿರ ಕರೆದು, "ನಿಮ್ಮ ಮಾಸ್ಟ್ರು ನಿಂತುಕೊಂಡು ಉಂಡದ್ದನ್ನು ನಾನು ಕಂಡದ್ದಿಲ್ಲ ಮಗಾ. ಮುಂದಿನ ವರ್ಷ ಎಲ್ಲರೂ ರಾಮ ನಾಯಕರಲ್ಲಿಗೆ ಹೋಗಿ ಕೂತು ಉಣ್ಣಿ, ಅವರಿಗೆ ಅದೇ ಖುಷಿ" ಎಂದರು. ಕೊರೊನಾ ಕಾಲದ ನಿಲುಗಡೆ ಮುಗಿದ ಮೇಲೆ ಅವರ ಮಾತಿನಂತೆಯೇ ನಡೆದುಕೊಂಡು ಬಂದಿದ್ದೇವೆ.

ಬೋರ್ಡಿಂಗ್ ಆರಂಭವಾದದ್ದು 1942ರಲ್ಲಿ. ಎರಡನೆಯ ಮಹಾಯುದ್ಧದ ನಡುವಿನ ಕಾಲ ಅದು. ಅದೇ ವರ್ಷದ ಆಗಸ್ಟ್‌ನಲ್ಲಿ ಇದೇ ಊರಿನ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕ್ವಿಟ್ ಇಂಡಿಯಾ ಕರೆ ಮೊಳಗಿತ್ತು. ಉಡುಪಿಯ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಬಂದು, ಅಡುಗೆಮನೆಗಳಲ್ಲಿ ದುಡಿದು ಬೆಳೆದ ರಾಮ ನಾಯಕರು ಇದನ್ನು ಕಟ್ಟಿದರು. ಮಾಟುಂಗ ಆಗ ಬೆಳೆಯುತ್ತಿದ್ದ ಬಡಾವಣೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಬಡಿದ ಮೇಲೆ, 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್-ಮಾಟುಂಗದ ಬಯಲನ್ನು ರಸ್ತೆ, ತೋಟ, ಮನೆಗಳ ಊರನ್ನಾಗಿ ಮಾಡಿತು. ರೈಲ್ವೆಯಲ್ಲೂ ಕಂಪೆನಿಗಳಲ್ಲೂ ಗುಮಾಸ್ತಿಕೆಗೆ ಬಂದ ದಕ್ಷಿಣದವರು ಇಲ್ಲಿ ನೆಲೆಯೂರಿದರು. ಸಂಸಾರವನ್ನು ಊರಲ್ಲೇ ಬಿಟ್ಟು ಬಂದವರಿಗೂ ಮದುವೆಯಾಗದ ಹುಡುಗರಿಗೂ ದಿನದ ಎರಡು ಹೊತ್ತಿನ ಊಟ ಬೇಕಿತ್ತು. ಹೊಟ್ಟೆಯ ಈ ಅಗತ್ಯದಿಂದ ಹುಟ್ಟಿದ ಜಾಗವಾದುದರಿಂದಲೇ ಇಲ್ಲಿ ಇಂದಿಗೂ ಅಲಂಕಾರಕ್ಕೆ ಎರಡನೆಯ ಸ್ಥಾನ, ಅನ್ನಕ್ಕೆ ಮೊದಲನೆಯದು.

ನಮ್ಮ ಮಾಸ್ಟ್ರು ಹೀಗೆ ಹಸಿದು ಬಂದ ಹುಡುಗರಲ್ಲಿ ಒಬ್ಬರು. ದಕ್ಷಿಣ ಕನ್ನಡ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ 1955ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಟ್ರೇನಿಂಗ್ ಮುಗಿಸಿದ ಸರ್ಟಿಫಿಕೇಟನ್ನು ಟ್ರಂಕಿನಲ್ಲಿಟ್ಟುಕೊಂಡು ಮಂಗಳೂರಿನಿಂದ ಹಡಗು ಹತ್ತಿ ಮುಂಬಯಿಯ ಧಕ್ಕೆಯಲ್ಲಿ ಇಳಿದರು. ಕೊಂಕಣ ರೈಲು ಓಡಲು ಇನ್ನು ನಾಲ್ಕು ದಶಕಗಳಿದ್ದವು. ಮಳೆಗಾಲ ಹಿಡಿದರೆ ಹಡಗೂ ಇಲ್ಲ. ಹಗಲು ಮುನಿಸಿಪಾಲಿಟಿಯ ಕನ್ನಡ ಶಾಲೆ, ಸಂಜೆ ಕೋಟೆ (ಫೋರ್ಟ್) ಪ್ರದೇಶದ ರಾತ್ರಿ ಶಾಲೆ ಎಂದು ಮೂವತ್ತೇಳು ವರ್ಷ ದುಡಿದು 1992ರಲ್ಲಿ ನಿವೃತ್ತರಾದರು. ಮದುವೆಯಾಗುವವರೆಗೆ ಮಾಟುಂಗದ ಒಂದು ಖೋಲಿಯಲ್ಲಿ ನಾಲ್ಕೈದು ಮಂದಿ ಗುಮಾಸ್ತರ ಜೊತೆಗಿದ್ದು, ಊಟಕ್ಕೆ ಈ ಮೆಟ್ಟಿಲುಗಳನ್ನು ಹತ್ತುತ್ತಿದ್ದರು. ಮದುವೆಯಾಗಿ ಅಕ್ಕನನ್ನು ಕರೆದುಕೊಂಡು ಬಂದ ದಿನ, ಸ್ಟೋವಿಗೆ ಸೀಮೆಎಣ್ಣೆ ಇನ್ನೂ ಸಿಗದಿದ್ದುದರಿಂದ, ಮೊದಲ ಊಟವನ್ನೂ ಇಲ್ಲಿಯೇ ಮಾಡಿಸಿದರು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಇಂದಿನ ಓದುಗರಿಗೆ ಎರಡು ಮಾತು ಹೇಳಲೇಬೇಕು. ಊರು ಬಿಟ್ಟು ಬಂದು ಹೋಟೆಲುಗಳಲ್ಲಿ ಸೇರಿಕೊಂಡ ಹುಡುಗರಿಗೆ ಅಕ್ಷರ ಕಲಿಸಬೇಕೆಂಬ ಹಂಬಲದಿಂದ ಜಾತಿ ಸಂಘಗಳೂ ಕನ್ನಡ ಸಂಸ್ಥೆಗಳೂ ಇವನ್ನು ನಡೆಸಿದವು. 1902ರಷ್ಟು ಹಿಂದೆಯೇ ಕಟ್ಟಿಕೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆ ಈ ಕೆಲಸದಲ್ಲಿ ಮುಂದಿತ್ತು. ಬೆಳಗಿನ ಜಾವ ಐದಕ್ಕೆ ಎದ್ದು ಗ್ಲಾಸು ತೊಳೆದವನು, ಮಧ್ಯಾಹ್ನ ಆಫೀಸುಗಳಿಗೆ ಚಹಾ ಹೊತ್ತವನು, ಸಂಜೆ ಮುಖ ತೊಳೆದು ಪಾಟಿಚೀಲ ಹಿಡಿದು ಬರುತ್ತಿದ್ದ. ಮೋರಿಯಲ್ಲಿ ತಟ್ಟೆ ತೊಳೆದು ತೊಳೆದು ಬೆರಳ ಸಂದು ಬಿರಿದ ಹುಡುಗರು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ಅವರಲ್ಲಿ ಎಸ್ಸೆಸ್ಸಿ ದಾಟಿ ಬ್ಯಾಂಕು ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ, ಸ್ವಂತ ಹೋಟೆಲಿನ ಗಲ್ಲೆಯಲ್ಲಿ ಕುಳಿತವರಂತೂ ಬಹಳ ಮಂದಿ. ನಾನೂ ಎಪ್ಪತ್ತರ ದಶಕದಲ್ಲಿ ಕೋಟೆಯ ಒಂದು ಹೋಟೆಲಿನ ಕ್ಲೀನರ್ ಆಗಿದ್ದುಕೊಂಡು ಆ ಶಾಲೆಯಲ್ಲಿ ಕಲಿತವನು.

ಮಾಸ್ಟ್ರ ಪಾಠ ಕರಿಹಲಗೆಯಿಂದ ಶುರುವಾಗುತ್ತಿರಲಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ಅವರು ಒಂದೆರಡು ಹೋಟೆಲುಗಳನ್ನು ಹೊಕ್ಕು, ಗಲ್ಲೆಯಲ್ಲಿದ್ದ ಧಣಿಯ ಜೊತೆ ಊರಿನ ಮಳೆ ಬೆಳೆ, ಮಗಳ ಮದುವೆ, ಕೋಲ ನೇಮ ಎಲ್ಲವನ್ನೂ ವಿಚಾರಿಸಿ, ಏಳುವ ಮುನ್ನ ಒಂದೇ ಒಂದು ಮಾತು ಹೇಳುತ್ತಿದ್ದರು: "ಆ ಹುಡುಗನನ್ನು ಆರೂವರೆಗೆ ಬಿಟ್ಟುಬಿಡಿ, ಅವನ ಲೆಕ್ಕ ಒಂದಿಷ್ಟು ಹಿಂದೆ ಬಿದ್ದಿದೆ." ಜಗಳವಿಲ್ಲ, ಉಪದೇಶವಿಲ್ಲ. ಸಂಜೆಯ ಗಿರಾಕಿ ಏರುವ ಹೊತ್ತಿಗೆ ಹುಡುಗನನ್ನು ಬಿಡುವುದೆಂದರೆ ಧಣಿಗೆ ಹಣದ ನಷ್ಟ. ಆದರೂ ಮಾಸ್ಟ್ರು ಕೇಳಿದ ಮೇಲೆ ಇಲ್ಲವೆನ್ನುವವರು ಕಡಿಮೆ. ನನ್ನನ್ನು ಬಿಡಿಸಿಕೊಂಡದ್ದೂ ಹಾಗೆಯೇ. ಅವರಿಗೆ ಜನರ ಸಂಗ ಎಂದರೆ ಹೊತ್ತು ಕಳೆಯುವ ಹರಟೆ ಆಗಿರಲಿಲ್ಲ. ಒಬ್ಬನ ಪರಿಚಯವನ್ನು ಇನ್ನೊಬ್ಬನ ಕಷ್ಟಕ್ಕೆ ಒದಗಿಸುವುದು ಅವರಿಗೆ ಪಾಠದಷ್ಟೇ ಮುಖ್ಯವಾದ ಕೆಲಸ. ಈ ಗುಣವನ್ನು ಹೇಳದೆ ಬೋರ್ಡಿಂಗಿನ ವಿಷಯಕ್ಕೆ ಹೋದರೆ, ನಾವು ಅಲ್ಲಿಗೇ ಏಕೆ ಹೋಗುತ್ತೇವೆ ಎಂಬುದು ಓದುಗರಿಗೆ ತಿಳಿಯದು.

ಈಗ ದಾರಿ. ಮಾಟುಂಗಕ್ಕೆ ಎರಡು ನಿಲ್ದಾಣಗಳಿವೆ. ಪಶ್ಚಿಮ ರೈಲ್ವೆಯದು ಮಾಟುಂಗ ರೋಡ್. ಅಲ್ಲಿ ಇಳಿದವರು ಝಡ್ ಬ್ರಿಜ್ ದಾಟಿಕೊಂಡು ಪೂರ್ವಕ್ಕೆ ನಡೆದು ಬರಬೇಕು. ಮಧ್ಯ ರೈಲ್ವೆಯ ಮಾಟುಂಗದಲ್ಲಿ ಪೂರ್ವಕ್ಕೆ ಇಳಿದರೆ ಹೂವಿನ ಅಂಗಡಿ, ತರಕಾರಿ ಸಾಲುಗಳ ನಡುವೆಯೇ ಬೋರ್ಡಿಂಗಿನ ಫಲಕ ಕಾಣುತ್ತದೆ. 2017ರಲ್ಲಿ ಈ ನಿಲ್ದಾಣವನ್ನು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ಒಪ್ಪಿಸಿದ ಸುದ್ದಿ ಬಂದಾಗ ಮಾಸ್ಟ್ರಿಗೆ ಎಂಬತ್ತಮೂರು; ಮರುವಾರವೇ ಬಂದು, ಟಿಕೆಟ್ ಕೊಡುವ ಹೆಣ್ಣುಮಗಳಿಗೆ ಅಭಿನಂದನೆ ಹೇಳಿ, ಅವರ ಊರು ಯಾವುದೆಂದು ಮರಾಠಿಯಲ್ಲಿ ಕೇಳಿ, ಹಿಂದಿದ್ದವರ ಗೊಣಗಾಟ ಶುರುವಾದ ಮೇಲಷ್ಟೇ ಸರಿದಿದ್ದರು.

ಮೆಟ್ಟಿಲು ಹತ್ತಿದೊಡನೆ ಎಲೆಯ ಊಟವೋ ತಟ್ಟೆಯ ಊಟವೋ ಎಂಬುದನ್ನು ಹೇಳಿ, ಹಣ ಮೊದಲೇ ಕೊಟ್ಟು, ಟೋಕನ್ ಪಡೆದು ಕಾಯುವುದು ಇಲ್ಲಿಯ ಕ್ರಮ. ಎಲೆಯ ಊಟದಲ್ಲಿ ಸಾಕೆನ್ನುವವರೆಗೆ ಬಡಿಸುತ್ತಾರೆ. ತಟ್ಟೆಯದು ಅಳತೆಯ ಊಟ, ದರವೂ ಕಡಿಮೆ. ಸಂಖ್ಯೆ ಕರೆಯುವವರೆಗೆ ಬೆಂಚಿನ ಮೇಲೆ ಕುಳಿತಿರಬೇಕು. ರಜಾದಿನಗಳಲ್ಲಿ ಈ ಕಾಯುವಿಕೆ ದೀರ್ಘವಾಗಬಹುದು. ಹಸಿವು ತಡೆಯದವರು ಅದಕ್ಕೆ ಸಿದ್ಧರಾಗಿಯೇ ಬರಬೇಕು. ಆದರೆ ಶಿಫಾರಸು ನಡೆಯದ ಈ ಸರದಿಯನ್ನು ನಾನು ಸೇವೆಯ ಮೊದಲ ಗುಣವೆಂದು ಎಣಿಸುತ್ತೇನೆ. ಕಾರಿನಲ್ಲಿ ಬಂದ ವ್ಯಾಪಾರಿ, ಖಾಲ್ಸಾ ಕಾಲೇಜಿನ ಹುಡುಗರು, ಮಾರುಕಟ್ಟೆಯ ಹಮಾಲ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ, ಅವರವರ ಸಂಖ್ಯೆಗೆ ಅವರವರು ಏಳುತ್ತಾರೆ. ಮಾಸ್ಟ್ರಿಗೆ ಊಟದಷ್ಟೇ ಈ ಬೆಂಚೂ ಇಷ್ಟ. ಕಾಯುವ ಕಾಲು ಗಂಟೆಯಲ್ಲಿ ಎಡಬಲದವರ ಊರು, ಉದ್ಯೋಗ, ಮಕ್ಕಳು ಎಷ್ಟನೆಯ ತರಗತಿ ಎಂಬುದೆಲ್ಲ ಅವರಿಗೆ ತಿಳಿದುಬಿಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎಡದವನಿಗೂ ಬಲದವನಿಗೂ ಪರಸ್ಪರ ಪರಿಚಯವಾಗಿರುತ್ತಿತ್ತು. ಒಮ್ಮೆ ಹೀಗೆ ಕುಳಿತಿದ್ದಾಗಲೇ, ಪಕ್ಕದ ಗುಜರಾತಿ ಕಾಗದದ ವ್ಯಾಪಾರಿಯ ಹತ್ತಿರ ಮಾತಿಗೆ ಮಾತು ಬೆಳೆದು, ನಮ್ಮ ಶಾಲೆಗೆ ಆ ವರ್ಷದ ನೋಟುಪುಸ್ತಕಗಳು ಅಸಲು ಬೆಲೆಗೆ ಬಂದವು. ಅವರು ಬೇಡಿರಲಿಲ್ಲ. ಮಕ್ಕಳು ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಾರೆ ಎಂದಷ್ಟೇ ಹೇಳಿದ್ದರು.

ಈಗ ಎಲೆಯ ಮುಂದೆ ಕೂರೋಣ. ಒಳಗೆ ಕರೆದ ಮೇಲೆ ಯಾವ ಜಾಗ ಖಾಲಿಯಾಯಿತೋ ಅಲ್ಲಿ ಕೂರಬೇಕು; ಗುಂಪಾಗಿ ಬಂದವರಿಗೆ ಒಟ್ಟಿಗೇ ಜಾಗ ಸಿಗುವ ಭರವಸೆಯಿಲ್ಲ. ತುದಿ ಎಡಕ್ಕೆ ಬರುವಂತೆ ಎಲೆ ಹಾಸುತ್ತಾರೆ, ನೀರು ಚಿಮುಕಿಸಿ ಒರೆಸಿಕೊಂಡು ಮುಗಿಸುವಷ್ಟರಲ್ಲಿ ಬಡಿಸುವವರು ಬಂದಿರುತ್ತಾರೆ. ಉಪ್ಪಿನಕಾಯಿ, ಚಟ್ನಿ, ಪಲ್ಯಗಳು, ಪೂರಿ ಅಥವಾ ಚಪಾತಿ, ಹಪ್ಪಳ, ಆಮೇಲೆ ಅನ್ನ, ಅನ್ನಕ್ಕೆ ಸಾರು, ಸಾಂಬಾರು, ಮೊಸರು, ಮಜ್ಜಿಗೆ. ಪಲ್ಯಗಳು ದಿನದಿಂದ ದಿನಕ್ಕೆ ಬದಲಾಗುತ್ತವೆ. ಈ ಸಲ ನಮ್ಮ ಎಲೆಗೆ ಬಂದ ತೊಂಡೆಕಾಯಿ ಪಲ್ಯವನ್ನು ನಾನು ವಿಶೇಷವಾಗಿ ನೆನೆಯುತ್ತೇನೆ: ಉದ್ದಕ್ಕೆ ಸೀಳಿದ ಹೋಳುಗಳು ಬೆಂದಿದ್ದರೂ ಹಲ್ಲಿಗೆ ಸಿಗುತ್ತಿದ್ದವು, ಮೇಲೆ ಉದುರಿಸಿದ ತೆಂಗಿನ ತುರಿ ಅದೇ ಹೊತ್ತಿನದು, ಎಣ್ಣೆ ಎಲೆಯ ಮೇಲೆ ಹರಿಯಲಿಲ್ಲ. ನೂರಾರು ಜನರಿಗೆ ಬೇಯಿಸುವಾಗ ತರಕಾರಿ ಮುದ್ದೆಯಾಗದಂತೆ ಇಳಿಸುವುದು ಭಂಡಾರಿಯ, ಅಂದರೆ ಅಡುಗೆಯವನ, ಕೈಗುಣ. ದೊಡ್ಡ ಪಾತ್ರೆಯ ಬಿಸಿ ಒಲೆಯಿಂದ ಇಳಿಸಿದ ಮೇಲೂ ತರಕಾರಿಯನ್ನು ಬೇಯಿಸುತ್ತಲೇ ಇರುತ್ತದೆ. ಅದನ್ನು ಲೆಕ್ಕ ಹಾಕಿ ಸ್ವಲ್ಪ ಮೊದಲೇ ಇಳಿಸಬೇಕಾಗುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ಬೆಳೆದ ನನಗೆ ಇದು ಎಷ್ಟು ಕಷ್ಟದ ಅಂದಾಜು ಎಂಬುದು ಗೊತ್ತು.

ಸಾರಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಉಡುಪಿಯ ಅಡುಗೆಯ ಪರೀಕ್ಷೆ ಸಾರಿನಲ್ಲೇ ಆಗುವುದು. ತೊಗರಿ ಬೇಳೆಯ ಕಟ್ಟು ತೆಳುವಾಗಿರಬೇಕು, ಆದರೆ ನೀರಾಗಬಾರದು. ಕೊತ್ತಂಬರಿ, ಜೀರಿಗೆ, ಮೆಂತೆ, ಕೆಂಪು ಮೆಣಸು ಹುರಿದು ಪುಡಿ ಮಾಡಿದ ಪರಿಮಳ ಮೊದಲು ಮೂಗಿಗೆ ಬಂದು, ಹುಳಿ ನಾಲಗೆಗೆ ತಾಗಿ, ಒಂದು ಚೂರು ಬೆಲ್ಲ ಕೊನೆಯಲ್ಲಿ ಅದನ್ನು ತಿದ್ದಬೇಕು. ಇಲ್ಲಿಯ ಸಾರಿನಲ್ಲಿ ಈ ಅನುಕ್ರಮ ಕೆಡದೆ ಉಳಿದಿದೆ. ಮೊದಲ ಸಲ ಅನ್ನದ ನಡುವೆ ಗುಳಿ ಮಾಡಿ ಹಾಕಿಸಿಕೊಂಡು, ಎರಡನೆಯ ಸಲ ಬಟ್ಟಲಿನಲ್ಲಿ ಕೇಳಿ ಕುಡಿಯುವುದು ಮಾಸ್ಟ್ರ ಪದ್ಧತಿ. ಕುಡಿದು ಬಟ್ಟಲು ಕೆಳಗಿಟ್ಟು, ಬಡಿಸುವವರನ್ನು "ಅಣ್ಣಾ" ಎಂದು ಕರೆದು, ಇವತ್ತಿನದು ಚೆನ್ನಾಗಿ ಬಂದಿದೆ, ಒಳಗೆ ಭಂಡಾರಿಗೆ ಹೇಳಿಬಿಡಿ ಎನ್ನುತ್ತಿದ್ದರು. ತಮಗಿಂತ ಮೂವತ್ತು ವರ್ಷ ಚಿಕ್ಕವನಾದರೂ ಬಡಿಸುವವನು ಅವರಿಗೆ ಅಣ್ಣನೇ. ಹೋಟೆಲುಗಳಲ್ಲಿ ನಮ್ಮನ್ನು "ಏ ಪೋರ್ಯಾ" (ಏ ಹುಡುಗಾ) ಎಂದು ಕೂಗುತ್ತಿದ್ದ ಕಾಲ ಅದು. ಎಲೆಯ ಮುಂದೆ ಕುಳಿತು ನಾವು ಕಲಿತ ಮೊದಲ ಪಾಠ ಅದೇ ಆಗಿತ್ತೆಂದು ನನ್ನ ಸಹಪಾಠಿಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಬಡಿಸುವವರ ವೇಗ ಹೊಸಬರನ್ನು ಸ್ವಲ್ಪ ಗಾಬರಿಪಡಿಸಬಹುದು. ಎಲೆಯಲ್ಲಿ ಜಾಗ ಖಾಲಿಯಾದದ್ದು ಅವರಿಗೆ ನಮಗಿಂತ ಮೊದಲು ಕಾಣುತ್ತದೆ. ಬೇಡವಾದರೆ ಕೈ ಅಡ್ಡ ಹಿಡಿಯಬೇಕು. ಈ ವೇಗದಲ್ಲಿ ಒರಟುತನವಿಲ್ಲ. ವಯಸ್ಸಾದವರ ಎಲೆಯ ಮುಂದೆ ಅದೇ ಕೈ ನಿಧಾನವಾಗುವುದನ್ನು ನಾನು ಗಮನಿಸಿದ್ದೇನೆ. ಈ ಸಲ ಬಂದಿದ್ದ ನಮ್ಮ ಹಿರಿಯ ಸಹಪಾಠಿಯೊಬ್ಬರಿಗೆ ಹಲ್ಲಿಲ್ಲ. ಹಪ್ಪಳ ಬೇಡವೆಂದು ಅವರು ಸನ್ನೆ ಮಾಡಿದ ಮೇಲೆ, ಬಡಿಸುವವರು ಕೇಳದೆಯೇ ಅನ್ನವನ್ನು ಪಾತ್ರೆಯ ಅಡಿಯ ಮೆತ್ತಗಿನ ಭಾಗದಿಂದ ತೆಗೆದು ಹಾಕಿ, ಮೇಲೆ ಸಾರು ಧಾರಾಳವಾಗಿ ಹೊಯ್ದು ಮುಂದೆ ಹೋದರು. ಅಷ್ಟು ಜನಸಂದಣಿಯ ನಡುವೆ ಒಬ್ಬರ ಬಾಯಿಯ ಕಷ್ಟ ಕಣ್ಣಿಗೆ ಬೀಳುವುದು ತರಬೇತಿಯಿಂದ ಮಾತ್ರ ಬರುವ ಗುಣವಲ್ಲ.

ಪಕ್ಕದಲ್ಲಿ ಅಪರಿಚಿತರಿರುವುದೇ ಈ ಜಾಗದ ಮುಖ್ಯ ಲಕ್ಷಣ. ನಮ್ಮ ಗುಂಪು ಮೂರು ನಾಲ್ಕು ಕಡೆ ಹಂಚಿಹೋಗುತ್ತದೆ, ಪ್ರತಿಯೊಬ್ಬನ ಪಕ್ಕದಲ್ಲೂ ಬೇರೆ ಯಾರೋ ಇರುತ್ತಾರೆ. ಇವತ್ತು ಏನು ವಿಶೇಷ, ಇಷ್ಟು ಮಂದಿ ಪರಸ್ಪರ ಗುರುತಿನವರು ಬಂದಿದ್ದೀರಲ್ಲ ಎಂದು ಅವರು ಕೇಳುತ್ತಾರೆ. ಆಗ ಮಾಸ್ಟ್ರ ಕಥೆ ಹೇಳಬೇಕಾಗುತ್ತದೆ. ಒಬ್ಬ ಮರಾಠಿಯಲ್ಲಿ, ಇನ್ನೊಬ್ಬ ಹಿಂದಿಯಲ್ಲಿ, ಮತ್ತೊಬ್ಬ ಕೊಂಕಣಿಯಲ್ಲಿ ಹೇಳುತ್ತಾನೆ. ಸಭಾಗೃಹದಲ್ಲಿ ಅವರನ್ನು ಬಲ್ಲವರಿಗೇ ಅವರ ವಿಷಯ ಹೇಳಿದ್ದೆವು. ಇಲ್ಲಿ ಅವರನ್ನು ಅರಿಯದವರು ಕೇಳಿಸಿಕೊಳ್ಳುತ್ತಾರೆ. ಹೋದ ಸಲ ನನ್ನ ಪಕ್ಕದಲ್ಲಿದ್ದ ನಿವೃತ್ತ ಮಿಲ್ ಕಾರ್ಮಿಕರು ಕೇಳಿದಾಗ ನಾನು 1982ರ ಕಥೆ ಹೇಳಿದೆ.

ಆ ವರ್ಷದ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು. ಗಿರಣಿಯ ಕಾರ್ಮಿಕರ ಬವಣೆಯನ್ನು ಅನೇಕರು ಬರೆದಿದ್ದಾರೆ. ಗಿರಣಿಯ ಒಳಗಿನ ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಹುಡುಗರ ಮಾತು ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ಅವರಿಗೆ ಯೂನಿಯನ್ ಇರಲಿಲ್ಲ, ಮಲಗುತ್ತಿದ್ದದ್ದೂ ಕ್ಯಾಂಟೀನಿನಲ್ಲಿಯೇ. ಗೇಟು ಮುಚ್ಚಿದ ದಿನ ಕೆಲಸದ ಜೊತೆಗೆ ಚಾಪೆ ಹಾಸುವ ಜಾಗವೂ ಹೋಯಿತು. ಪರೇಲ್, ಲಾಲ್‌ಬಾಗ್ ಕಡೆಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗರನ್ನು ಮಾಸ್ಟ್ರು ರಾತ್ರಿ ಶಾಲೆಯ ಬೆಂಚುಗಳ ಮೇಲೆಯೇ ಮಲಗಿಸಲು ಆಡಳಿತದವರ ಒಪ್ಪಿಗೆ ತಂದರು. ಹಗಲು ಹೊತ್ತು, ಇಬ್ಬಿಬ್ಬರನ್ನು ಕರೆದುಕೊಂಡು ತಾವು ಬಲ್ಲ ಧಣಿಗಳ ಬಳಿ ಹೋದರು. ಕೆಲಸಕ್ಕೆ ಹಚ್ಚುವ ಮುನ್ನ ಪ್ರತಿಯೊಬ್ಬನಿಗೂ ಈ ಬೋರ್ಡಿಂಗಿನಲ್ಲಿ ಒಂದು ಎಲೆಯ ಊಟ ಹಾಕಿಸುತ್ತಿದ್ದರು. ಹಸಿದವನ ಮುಖ ನೋಡಿದರೆ ಧಣಿ ಸಂಬಳ ಕಡಿಮೆ ಮಾತನಾಡುತ್ತಾನೆ ಎಂಬುದು ಅವರ ಅನುಭವ. ಅದರ ಹಣ ಅವರ ಸಂಬಳದ್ದು. ಅಕ್ಕನಿಗೆ ಅದು ಗೊತ್ತಿತ್ತು, ನಮಗೆ ಅವರು ತೀರಿಕೊಂಡ ಮೇಲೆ ಅಕ್ಕನೇ ಹೇಳಿದ್ದು. ಕಥೆ ಕೇಳಿದ ಆ ಹಿರಿಯರು ಅನ್ನ ಕಲಸುವುದನ್ನು ನಿಲ್ಲಿಸಿ, ತಾವು ದುಡಿದ ಗಿರಣಿಯ ಕ್ಯಾಂಟೀನಿನ ಚಹಾ ಹುಡುಗನ ಹೆಸರನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದರು. ಆ ಹೆಸರು ಅವರಿಗೆ ನೆನಪಾಯಿತು, ಆ ಹುಡುಗ ನಮ್ಮವನಾಗಿರಲಿಲ್ಲ, ಆದರೂ ಕೈ ತೊಳೆಯುವ ತನಕ ನಮ್ಮಿಬ್ಬರ ಮಾತು ಮುಗಿಯಲಿಲ್ಲ.

ಇಂಥ ನೆನಪಿನ ಕೂಟಕ್ಕೆ ಈ ಬೋರ್ಡಿಂಗನ್ನು ಯೋಚಿಸುವವರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ಮೆಟ್ಟಿಲು ಹತ್ತಬೇಕು, ಮೊಣಕಾಲಿನ ತೊಂದರೆಯಿರುವ ಹಿರಿಯರ ಜೊತೆಗೆ ಒಬ್ಬ ಕಿರಿಯರು ಇರುವುದು ಲೇಸು. ಸೋಮವಾರ ಬಾಗಿಲು ಮುಚ್ಚಿರುತ್ತದೆ. ಭಾಷಣ, ಪ್ರಾರ್ಥನೆ, ಫೋಟೊಗೆ ಹಾರ ಮುಂತಾದವು ಇಲ್ಲಿ ಆಗುವಂಥವಲ್ಲ, ಕೇಳುವುದೂ ಸರಿಯಲ್ಲ. ಒಳಗೆ ಕುಳಿತವರ ಎಲೆ ಏಳುವುದನ್ನೇ ಬೆಂಚಿನ ಮೇಲಿನವರು ಕಾಯುತ್ತಿರುತ್ತಾರೆ. ಉಂಡ ಮೇಲೂ ಕುಳಿತು ಮಾತನಾಡುವ ಆಸೆಯುಳ್ಳವರು ಕೆಳಗಿಳಿದು ಮಾಟುಂಗದ ಐದು ತೋಟಗಳ (ಫೈವ್ ಗಾರ್ಡನ್ಸ್) ಕಡೆಗೆ ನಡೆದುಹೋಗಿ ಮರದ ನೆರಳಲ್ಲಿ ಕೂರಬೇಕು. ನಾವು ಮಾಡುವುದೂ ಹಾಗೆಯೇ. ವಿಧಿವತ್ತಾದ ನುಡಿನಮನವೇ ಬೇಕೆನ್ನುವವರಿಗೆ ಮೊದಲು ಹೇಳಿದ ಕನ್ನಡ ಸಂಸ್ಥೆಗಳ ಸಭಾಗೃಹಗಳು ಇದ್ದೇ ಇವೆ.

ಮಾಟುಂಗದ ಬೇರೆ ಹಳೆಯ ಹೋಟೆಲುಗಳು ಆಗದೇ ಎಂದು ಕೇಳುವವರಿದ್ದಾರೆ. 1939ರ ರಾಮ ಆಶ್ರಯ, 1940ರ ಕೆಫೆ ಮದ್ರಾಸ್ ಎರಡೂ ನನಗೆ ಪ್ರಿಯವಾದವೇ. ಇಡ್ಲಿ, ದೋಸೆ, ಕಾಫಿಗಾದರೆ ಅಲ್ಲಿಗೇ ಹೋಗುತ್ತೇನೆ. ಆದರೆ ಅವು ತಿಂಡಿಯ ಮನೆಗಳು. ಸಾಲಾಗಿ ಕುಳಿತು, ಬಡಿಸಿಕೊಂಡು, ಪಕ್ಕದವನ ಎಲೆಗೂ ಕಣ್ಣು ಹಾಯಿಸುತ್ತ, ಅವರಿಗೆ ಇನ್ನೊಂದಿಷ್ಟು ಸಾರು ಹಾಕಿ ಎಂದು ನಾವೇ ಹೇಳುವ ಸಲಿಗೆ ಪಂಕ್ತಿಯಲ್ಲಿ ಮಾತ್ರ ಹುಟ್ಟುತ್ತದೆ. ಮಾಸ್ಟ್ರು ಬದುಕಿದ್ದು ಆ ಸಲಿಗೆಯಲ್ಲಿ.

ಹಣದ ವಿಷಯದಲ್ಲಿ ನಾವು ಇಟ್ಟುಕೊಂಡಿರುವ ಕ್ರಮವನ್ನೂ ಹೇಳುತ್ತೇನೆ, ಬೇರೆ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆ ಉಪಯೋಗವಾದೀತು. ಪ್ರತಿಯೊಬ್ಬರೂ ತಮ್ಮ ಊಟದ ಟೋಕನ್ ತಾವೇ ಕೊಳ್ಳುತ್ತಾರೆ. ಅದರ ಜೊತೆಗೆ ಇನ್ನೊಂದು ಊಟದ ಬೆಲೆಯನ್ನು ಒಂದು ಲಕೋಟೆಗೆ ಹಾಕುತ್ತಾರೆ. ಸಭಾಗೃಹದ ಬಾಡಿಗೆ, ಧ್ವನಿವರ್ಧಕ, ಹಾರ, ಬ್ಯಾನರ್ ಇವಕ್ಕೆ ಆ ಮೊದಲ ವರ್ಷ ಹೋದ ಮೊತ್ತಕ್ಕೆ ಹೋಲಿಸಿದರೆ ಲಕೋಟೆಯಲ್ಲಿ ಸೇರುವುದು ದೊಡ್ಡದಲ್ಲ. ಆದರೆ ಅದು ಪೂರ್ತಿಯಾಗಿ ಮಕ್ಕಳ ಕೈ ಸೇರುತ್ತದೆ. ಕನ್ನಡ ಮಾಧ್ಯಮದ ಶಾಲೆಗಳು ಈ ನಗರದಲ್ಲಿ ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಉಳಿದವುಗಳಲ್ಲಿ ಓದುತ್ತಿರುವವರು ಹೆಚ್ಚಿನಂಶ ಉತ್ತರ ಕರ್ನಾಟಕದಿಂದ ಕೂಲಿಗೆ ಬಂದವರ ಮಕ್ಕಳು. ಪುಣೆಯ ಬಾಲಭಾರತಿ 1967ರಿಂದ ಮಹಾರಾಷ್ಟ್ರದ ಮಕ್ಕಳಿಗೆ ಪಠ್ಯಪುಸ್ತಕ ಮಾಡಿಕೊಂಡು ಬಂದಿದೆ, ಕನ್ನಡದಲ್ಲೂ ಮಾಡುತ್ತದೆ. ಆದರೆ ಪರೀಕ್ಷೆ ಶುಲ್ಕ, ರೈಲಿನ ಪಾಸು, ಕಂಪಾಸು ಪೆಟ್ಟಿಗೆ ಇವು ಪುಸ್ತಕದ ಜೊತೆಗೆ ಬರುವುದಿಲ್ಲ. ಲಕೋಟೆ ಹೋಗುವುದು ಅದಕ್ಕೆ. ಎರಡು ವರ್ಷದ ಹಿಂದೆ ಹೀಗೆ ಎಸ್ಸೆಸ್ಸಿ ಪರೀಕ್ಷೆಗೆ ಕುಳಿತ ಹುಡುಗಿಯೊಬ್ಬಳು ಈ ಸಲ ತಂದೆಯ ಜೊತೆ ಊಟಕ್ಕೆ ಬಂದಿದ್ದಳು. ಬಾಗಲಕೋಟೆಯ ಕಡೆಯವರಾದ ಅವಳ ತಂದೆಗೆ ಬಾಳೆಲೆಯಲ್ಲಿ ಅನ್ನಕ್ಕೆ ಸಾರು ಹಾಕಿಸಿಕೊಳ್ಳುವುದು ಹೊಸದು, ಹರಿದುಹೋಗುತ್ತಿತ್ತು. ಎದುರಿನಲ್ಲಿದ್ದ ನಮ್ಮ ಬ್ಯಾಂಕ್ ಮ್ಯಾನೇಜರ್ ಸಹಪಾಠಿ, ಅನ್ನವನ್ನು ದಂಡೆ ಕಟ್ಟಿ ನಡುವೆ ಗುಳಿ ಮಾಡುವುದನ್ನು ತಮ್ಮ ಎಲೆಯಲ್ಲಿ ಮಾಡಿ ತೋರಿಸಿದರು.

ಬರುವ ವರ್ಷದ ಊಟವನ್ನು ಭಾನುವಾರದ ಬದಲು ವಾರದ ನಡುವಿನ ದಿನಕ್ಕೆ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದ್ದೇವೆ; ನಿವೃತ್ತರಾದವರೇ ಹೆಚ್ಚಾಗಿರುವುದರಿಂದ ರಜೆಯ ಚಿಂತೆಯಿಲ್ಲ, ಸರದಿಯೂ ಚಿಕ್ಕದಿರುತ್ತದೆ. ಮಧ್ಯಾಹ್ನದ ನೂಕುನುಗ್ಗಲಿಗೆ ಮೊದಲೇ, ಹನ್ನೊಂದೂವರೆಯ ಹೊತ್ತಿಗೆ ಕೆಳಗಿನ ಹೂವಿನ ಅಂಗಡಿಗಳ ಬಳಿ ಸೇರುವುದು. ಮೆಟ್ಟಿಲು ಹತ್ತಲಾರದ ಇಬ್ಬರು ಹಿರಿಯರಿಗೂ ಅಕ್ಕನಿಗೂ ಊಟವನ್ನು ಕಟ್ಟಿಸಿಕೊಂಡು ಮನೆಗೆ ಮುಟ್ಟಿಸುವ ಕೆಲಸವನ್ನು ಅಂಧೇರಿಯ ಕಡೆ ಹೋಗುವವರು ಒಪ್ಪಿಕೊಂಡಿದ್ದಾರೆ. ಅಕ್ಕ ಒಂದೇ ಒಂದು ಸೂಚನೆ ಕೊಟ್ಟಿದ್ದಾರೆ: ಸಾರನ್ನು ಬೇರೆಯೇ ಡಬ್ಬಿಯಲ್ಲಿ, ತುಂಬ ಹಾಕಿಸಿಕೊಂಡು ಬರಬೇಕು.